ಮೋಟರ್‌ಹೋಮ್, ಟ್ರೇಲರ್, ಜೊತೆಗೊಂದು ಬೈಕ್: ಹಿಂಭಾರವಾಗದಂತೆ ಒಯ್ಯುವುದು ಹೇಗೆ?

ಮೊಂಟಾನಾದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ ಗೋಯಿಂಗ್-ಟು-ದ-ಸನ್ ಎಂಬ ರಸ್ತೆ ಇದೆ. ಅದು 6,646 ಅಡಿ ಎತ್ತರದ ಲೋಗನ್ ಪಾಸ್ ಏರಿ ಆಚೆ ಇಳಿಯುತ್ತದೆ. ಅದರ ಘಟ್ಟದ ಭಾಗಕ್ಕೆ 21 ಅಡಿಗಿಂತ ಉದ್ದದ ಅಥವಾ 8 ಅಡಿಗಿಂತ ಅಗಲದ ವಾಹನಗಳನ್ನು ಬಿಡುವುದಿಲ್ಲ. ಸೌತ್ ಡಕೋಟಾದ ನೀಡಲ್ಸ್ ಹೆದ್ದಾರಿಯಲ್ಲಿ ಬಂಡೆ ಕೊರೆದು ಮಾಡಿದ ಸುರಂಗದ ಅಗಲ ಸುಮಾರು 8 ಅಡಿ ಮಾತ್ರ. ಇಂಥ ಕಡೆ ಚಕ್ರದ ಮೇಲಿನ ಮನೆಯಾದ ಮೋಟರ್‌ಹೋಮನ್ನು ಕೆಳಗೆ ಬಿಟ್ಟು ಬೈಕಿನಲ್ಲಿ ಏರುವ ಸುಖ ಒಮ್ಮೆ ಸಿಕ್ಕರೆ ಮುಂದಿನ ಪ್ರವಾಸಕ್ಕೆ ಬೈಕ್ ಬಿಟ್ಟು ಹೊರಡಲು ಮನಸ್ಸು ಬರುವುದಿಲ್ಲ. ನಮ್ಮದು 31 ಅಡಿಯ ಕ್ಲಾಸ್ ಸಿ, ಅಂದರೆ ವ್ಯಾನಿನ ಚಾಸಿಯ ಮೇಲೆ ಕಟ್ಟಿದ ಮೋಟರ್‌ಹೋಮ್. ಹಿಂದೆ ಟ್ರೇಲರ್ ಮೇಲೆ ಸಣ್ಣ ಕಾರು. ಅದರ ಜೊತೆಗೆ ಸುಮಾರು 200 ಕಿಲೋ ತೂಗುವ ರಾಯಲ್ ಎನ್‌ಫೀಲ್ಡ್ ಹಿಮಾಲಯನ್. ಈ ಮೂರನ್ನೂ ಒಟ್ಟಿಗೆ ಒಯ್ಯುವ ಸರಿಯಾದ ದಾರಿ ತಿಳಿಯುವ ಮೊದಲು ನಾನು ತಪ್ಪು ದಾರಿ ಹಿಡಿದಿದ್ದೆ. ಅಮೆರಿಕದಲ್ಲಿ ಇಂಥ ಪ್ರವಾಸಕ್ಕೆ ಹೊರಡುವ ಕನ್ನಡಿಗರು ಆ ತಪ್ಪು ಮಾಡಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮಂಡ್ಯದ ಕಡೆ ಎತ್ತಿನ ಗಾಡಿಗೆ ಕಬ್ಬು ತುಂಬುವವರಿಗೆ ಈ ವಿದ್ಯೆ ಯಾರೂ ಹೇಳಿಕೊಡಬೇಕಿಲ್ಲ. ಹಿಂದೆ ಹೆಚ್ಚು ಹೇರಿದರೆ ಗಾಡಿ ಹಿಂಭಾರವಾಗಿ ನೊಗ ಎತ್ತುಗಳ ಹೆಗಲು ಬಿಟ್ಟು ಮೇಲೇಳುತ್ತದೆ, ಕೊರಳ ಹಗ್ಗ ಬಿಗಿಯುತ್ತದೆ. ಮುಂದೆ ಹೆಚ್ಚು ಹೇರಿದರೆ ಹೆಗಲು ಹುಣ್ಣಾಗುತ್ತದೆ. ಹದವಾದ ಮುಂಭಾರ ಇರಬೇಕು. ಟ್ರೇಲರ್‌ನ ಶಾಸ್ತ್ರವೆಲ್ಲ ಇಷ್ಟೇ: ಟ್ರೇಲರ್‌ಗೆ ಮುಂಭಾರ ಬೇಕು, ಅದನ್ನು ಎಳೆಯುವ ಮೋಟರ್‌ಹೋಮ್‌ಗೆ ಹಿಂಭಾರ ಆಗಬಾರದು. ಬೈಕನ್ನು ಮೋಟರ್‌ಹೋಮ್‌ನ ಹಿಂಬದಿಗೆ ನೇತುಹಾಕಿ ಅದರ ಹಿಂದೆ ಟ್ರೇಲರ್ ಕಟ್ಟಿದಾಗ ಕೆಡುವುದು ಈ ಎರಡನೆಯ ಮಾತು.

ಮೊದಲ ಹೆಜ್ಜೆ: ಮಿತಿಗಳನ್ನು ಬರೆದುಕೊಳ್ಳಿ

ಚಾಲಕನ ಬಾಗಿಲಿನ ಬಳಿ ಅಂಟಿಸಿರುವ ಚೀಟಿಯಲ್ಲಿ ವಾಹನದ ಒಟ್ಟು ತೂಕದ ಮಿತಿ, ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ಮಿತಿ ಇರುತ್ತವೆ. ಟ್ರೇಲರ್ ಸೇರಿದ ಒಟ್ಟು ತೂಕದ ಮಿತಿ ಕೈಪಿಡಿಯಲ್ಲಿ ಸಿಗುತ್ತದೆ. ಬಹಳಷ್ಟು ಕ್ಲಾಸ್ ಸಿ ಮೋಟರ್‌ಹೋಮ್‌ಗಳನ್ನು ಕಟ್ಟುವ ಫೋರ್ಡ್ ಇ-450 ಚಾಸಿಯ ಒಟ್ಟು ಮಿತಿ 14,500 ಪೌಂಡ್, ಟ್ರೇಲರ್ ಸೇರಿ 22,000 ಪೌಂಡ್. ನನ್ನ ವಾಹನದ ಹಿಂದಿನ ಆಕ್ಸಲ್‌ನ ಮಿತಿ 9,600 ಪೌಂಡ್. ಇನ್ನೊಂದು ಚೀಟಿ ಹಿಚ್ ಮೇಲೆಯೇ, ಅಂದರೆ ಟ್ರೇಲರ್ ಕಟ್ಟಲು ಮೋಟರ್‌ಹೋಮ್‌ನ ಹಿಂಬದಿಗೆ ಜೋಡಿಸಿದ ಕೊಂಡಿಯ ಮೇಲೆ, ಇರುತ್ತದೆ. ಅದರಲ್ಲಿ ಎರಡು ಅಂಕಿಗಳು: ಎಳೆಯಬಹುದಾದ ತೂಕ ಮತ್ತು ಹಿಚ್ ಮೇಲೆ ನೇರವಾಗಿ ಕೂರಬಹುದಾದ ತೂಕ. ಎರಡನೆಯದಕ್ಕೆ ಟಂಗ್ ವೇಟ್ ಎನ್ನುತ್ತಾರೆ. ನನ್ನದು 7,500 ಮತ್ತು 750. ಕೆಲವು ಮೋಟರ್‌ಹೋಮ್‌ಗಳಲ್ಲಿ 5,000 ಮತ್ತು 500 ಇರುತ್ತದೆ. ಬೈಕ್ ಹೊರುವ ಚೌಕಟ್ಟನ್ನು ಹಿಚ್‌ಗೆ ಸಿಕ್ಕಿಸಿದಾಗ ಬೈಕಿನ ಪೂರ್ತಿ ತೂಕ ಈ ಎರಡನೆಯ ಅಂಕಿಯ ಲೆಕ್ಕಕ್ಕೆ ಹೋಗುತ್ತದೆ. 7,500 ಎಂಬ ದೊಡ್ಡ ಅಂಕಿ ನೋಡಿ ಸಮಾಧಾನಪಟ್ಟವನು ನಾನು. ನೋಡಬೇಕಾಗಿದ್ದುದು 750.

ಎರಡನೆಯ ಹೆಜ್ಜೆ: ಸನ್ನೆಗೋಲಿನ ಲೆಕ್ಕ ಹಾಕಿ

ಹಿಂದಿನ ಆಕ್ಸಲ್‌ಗಿಂತ ಹಿಂದಕ್ಕೆ ಇಟ್ಟ ಭಾರ ಅಷ್ಟೇ ಭಾರವಾಗಿ ಉಳಿಯುವುದಿಲ್ಲ. ಹಿಂದಿನ ಆಕ್ಸಲ್ ಸನ್ನೆಗೋಲಿನ ಆನಿಕೆಯಾಗುತ್ತದೆ, ಮುಂದಿನ ಚಕ್ರಗಳ ಭಾರ ಮೇಲೇಳುತ್ತದೆ. ಹಾಗೆ ಎದ್ದ ಭಾರವೂ ಹಿಂದಿನ ಆಕ್ಸಲ್ ಮೇಲೆಯೇ ಬಂದು ಕೂರುತ್ತದೆ. ಲೆಕ್ಕ ಸುಲಭ. ಭಾರವನ್ನು ಹಿಂದಿನ ಆಕ್ಸಲ್‌ನಿಂದ ಅದು ಇರುವ ದೂರದಿಂದ ಗುಣಿಸಿ, ಎರಡು ಆಕ್ಸಲ್‌ಗಳ ನಡುವಿನ ದೂರದಿಂದ ಭಾಗಿಸಿ. ಬಂದದ್ದು ಮುಂದಿನ ಚಕ್ರಗಳು ಕಳೆದುಕೊಳ್ಳುವ ಭಾರ. ಅದಕ್ಕೆ ಮೂಲ ಭಾರ ಸೇರಿಸಿದರೆ ಹಿಂದಿನ ಆಕ್ಸಲ್ ಮೇಲೆ ಹೆಚ್ಚುವ ಭಾರ.

ನನ್ನ ಮೊದಲ ಪ್ರವಾಸದ ಅಂಕಿಗಳನ್ನೇ ಕೊಡುತ್ತೇನೆ. ಆಕ್ಸಲ್‌ಗಳ ನಡುವೆ 18 ಅಡಿ. ಬೈಕ್ 450 ಪೌಂಡ್, ಅದನ್ನು ಹೊರುವ ಚೌಕಟ್ಟು 150, ಒಟ್ಟು 600. ಅದು ಹಿಂದಿನ ಆಕ್ಸಲ್‌ನಿಂದ 12 ಅಡಿ ಹಿಂದೆ ಇತ್ತು. ಮುಂದಿನ ಚಕ್ರಗಳಿಂದ 400 ಪೌಂಡ್ ಎದ್ದಿತು, ಹಿಂದಕ್ಕೆ 1,000 ಸೇರಿತು. ಬೈಕಿನ ಆಚೆ ಟ್ರೇಲರ್ ಕಟ್ಟಲು ಹಿಚ್‌ಗೆ ಉದ್ದನೆಯ ಕೊಳವೆ ಜೋಡಿಸಿದ್ದೆ. ಹಾಗಾಗಿ ಟ್ರೇಲರ್‌ನ ಮೂತಿ ಕೂರುವ ಕಬ್ಬಿಣದ ಗುಂಡು ಆಕ್ಸಲ್‌ನಿಂದ 15 ಅಡಿ ಹಿಂದಕ್ಕೆ ಹೋಗಿತ್ತು. ಕಾರು ಹೊತ್ತ ಅಲ್ಯೂಮಿನಿಯಂ ಟ್ರೇಲರ್‌ನ ತೂಕ 4,200 ಪೌಂಡ್, ಗುಂಡಿನ ಮೇಲೆ ಕೂತದ್ದು 420. ಅದರಿಂದ ಮುಂದೆ ಇನ್ನೂ 350 ಎದ್ದಿತು, ಹಿಂದೆ 770 ಸೇರಿತು. ಎರಡನ್ನೂ ಕೂಡಿದರೆ ಮುಂದೆ 750 ಪೌಂಡ್ ನಷ್ಟ, ಹಿಂದೆ 1,770 ಹೆಚ್ಚಳ. ಹಿಚ್‌ನ 750ರ ಮಿತಿಗೆ ನಾನು ಹೇರಿದ್ದು 1,020. ಆ ಉದ್ದನೆಯ ಕೊಳವೆ ಜೋಡಿಸಿದರೆ ಹಿಚ್‌ನ ಸಾಮರ್ಥ್ಯವೇ ಇಳಿಯುತ್ತದೆ ಎಂದು ಅದರ ತಯಾರಕರೇ ಬರೆದಿದ್ದರು. ನಾನು ಓದಿರಲಿಲ್ಲ.

ಈ ಲೆಕ್ಕವನ್ನು ಮನೆಯಲ್ಲೇ ಕೂತು ಮಾಡಬಹುದಿತ್ತು. ನಾನು ಮಾಡಿದ್ದು ವಯೋಮಿಂಗ್‌ನ ಇಂಟರ್‌ಸ್ಟೇಟ್ 80ರಲ್ಲಿ. ಲ್ಯಾರಮಿ ದಾಟಿ ಎಲ್ಕ್ ಮೌಂಟನ್ ಬಳಿ ಬಂದಾಗ ಅಡ್ಡಗಾಳಿ ಬೀಸತೊಡಗಿತು. ಆ ಭಾಗ ಗಾಳಿಗೇ ಹೆಸರಾದದ್ದು. ಸ್ಟೀರಿಂಗ್ ತಿರುಗಿಸಿದರೆ ಅರೆಕ್ಷಣ ಏನೂ ಆಗುತ್ತಿರಲಿಲ್ಲ, ಆಮೇಲೆ ವಾಹನ ಒಮ್ಮೆಲೇ ವಾಲುತ್ತಿತ್ತು. ನೀರಿನ ಮೇಲೆ ದೋಣಿ ನಡೆಸಿದಂತಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಮಾತು ನಿಲ್ಲಿಸಿ ಬಾಗಿಲ ಹಿಡಿಕೆ ಹಿಡಿದುಕೊಂಡಳು. ಮುಂದೆ ಸಿಕ್ಕ ಟ್ರಕ್ ನಿಲ್ದಾಣದ ತೂಕದ ಕಟ್ಟೆಗೆ ಹತ್ತಿಸಿದೆವು. ಕೈಗೆ ಬಂದ ಚೀಟಿಯಲ್ಲಿ ಹೀಗಿತ್ತು: ಮುಂದಿನ ಆಕ್ಸಲ್ 3,340, ಹಿಂದಿನ ಆಕ್ಸಲ್ 10,380, ಟ್ರೇಲರ್ 3,780, ಒಟ್ಟು 17,500. ಮೋಟರ್‌ಹೋಮ್‌ನ ಒಟ್ಟು ತೂಕ 14,500ರ ಒಳಗೇ ಇತ್ತು. ಟ್ರೇಲರ್ ಸೇರಿದ ತೂಕವೂ 22,000ಕ್ಕಿಂತ ಬಹಳ ಕಡಿಮೆ. ಆದರೆ ಹಿಂದಿನ ಆಕ್ಸಲ್ 780 ಪೌಂಡ್ ಮಿತಿ ಮೀರಿತ್ತು. ಅಲ್ಲಿನ ನಾಲ್ಕು ಟೈರುಗಳು 80 ಪಿಎಸ್‌ಐ ಗಾಳಿಯಲ್ಲಿ ತಲಾ 2,470ರಂತೆ 9,880 ಪೌಂಡ್ ಹೊರಬಲ್ಲವು. ಅದನ್ನೂ ದಾಟಿದ್ದೆವು. ಮುಂದಿನ ದಾರಿಯನ್ನು ನಾನು ಬೈಕಿನಲ್ಲಿ, ಅವಳು ಮೋಟರ್‌ಹೋಮ್‌ನಲ್ಲಿ ಮುಗಿಸಿದೆವು.

ಆದ್ದರಿಂದ ತೂಕ ಮಾಡಿಸುವುದನ್ನು ಯಾವ ಕಾರಣಕ್ಕೂ ಬಿಡಬೇಡಿ. ಹೆದ್ದಾರಿಗಳ ಟ್ರಕ್ ನಿಲ್ದಾಣಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ತೂಕದ ಕಟ್ಟೆಗಳಿವೆ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಬೇರೆ ಬೇರೆ ತಟ್ಟೆಗಳ ಮೇಲೆ ನಿಲ್ಲುವಂತೆ ವಾಹನ ನಿಲ್ಲಿಸಬೇಕು. ಪ್ರವಾಸಕ್ಕೆ ಹೊರಡುವ ದಿನದಂತೆಯೇ ನೀರು, ಇಂಧನ, ಪಾತ್ರೆಪಗಡೆ, ಜನ ಎಲ್ಲ ಇರಲಿ. ಮೊದಲು ಟ್ರೇಲರ್ ಮತ್ತು ಬೈಕ್ ಇಲ್ಲದೆ ಒಮ್ಮೆ, ಆಮೇಲೆ ಎಲ್ಲ ಕಟ್ಟಿಕೊಂಡು ಇನ್ನೊಮ್ಮೆ ತೂಗಿಸಿ. ಎರಡು ಚೀಟಿಗಳನ್ನು ಪಕ್ಕಪಕ್ಕ ಇಟ್ಟರೆ ಮುಂದಿನ ಚಕ್ರ ಎಷ್ಟು ಹಗುರವಾಯಿತು ಎಂಬುದು ಕಣ್ಣಿಗೇ ಕಾಣುತ್ತದೆ.

ಮೂರನೆಯ ಹೆಜ್ಜೆ: ಬೈಕಿಗೆ ಜಾಗ ಆರಿಸಿ

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಹೇಗೂ ಟ್ರೇಲರ್ ಎಳೆಯುತ್ತಿದ್ದರೆ ಬೈಕ್ ಟ್ರೇಲರ್ ಮೇಲೆಯೇ ಇರಬೇಕು. ಈಗ ನಮ್ಮ 20 ಅಡಿಯ ಟ್ರೇಲರ್‌ನಲ್ಲಿ ಕಾರಿನ ಮುಂದೆ ಅಡ್ಡಲಾಗಿ ಬೈಕ್ ನಿಲ್ಲುತ್ತದೆ. ಟ್ರೇಲರ್‌ನ ತೂಕ 4,650 ಪೌಂಡ್ ಆಯಿತು. ಕೊಳವೆ ತೆಗೆದದ್ದರಿಂದ ಗುಂಡು 11 ಅಡಿಗೆ ಬಂತು. ಗುಂಡಿನ ಮೇಲಿನ ಭಾರ 540. ಹಿಂದಿನ ಆಕ್ಸಲ್ ಮೇಲೆ ಹೆಚ್ಚಿದ್ದು 870 ಪೌಂಡ್ ಮಾತ್ರ, ಒಟ್ಟು 9,480. ಬೈಕ್ ಅದೇ, ಕಾರು ಅದೇ, ಹಿಂದಿನ ಆಕ್ಸಲ್ ಮಾತ್ರ ಸುಮಾರು 900 ಪೌಂಡ್ ಹಗುರ. ಮಿತಿಗೆ ಇನ್ನೂ ಹತ್ತಿರವೇ ಇದೆ ಎಂದು ಹಿಂಬದಿಯ ನೀರಿನ ಟ್ಯಾಂಕನ್ನು ಮೂರನೇ ಒಂದು ಭಾಗದಷ್ಟೇ ತುಂಬುತ್ತೇವೆ. ಒಂದು ಗ್ಯಾಲನ್ ನೀರು 8.3 ಪೌಂಡ್ ತೂಗುತ್ತದೆ.

ಬೈಕನ್ನು ಟ್ರೇಲರ್‌ನ ಮುಂದಕ್ಕೆ ಇಟ್ಟಾಗ ಮುಂಭಾರ ಹೆಚ್ಚುತ್ತದೆ, ಅದಕ್ಕೆ ತಕ್ಕಂತೆ ಕಾರನ್ನು ತುಸು ಹಿಂದಕ್ಕೆ ಸರಿಸಬೇಕು. ಗುಂಡಿನ ಮೇಲಿನ ಭಾರ ಟ್ರೇಲರ್ ತೂಕದ ಶೇ. 10ರಿಂದ 15ರ ನಡುವೆ ಇರಲಿ. ಕಡಿಮೆಯಾದರೆ ಟ್ರೇಲರ್ ಹಾವಿನಂತೆ ಅತ್ತಿತ್ತ ಹೊಯ್ದಾಡುತ್ತದೆ. ಮನೆಯ ತೂಕದ ಯಂತ್ರದಿಂದಲೇ ಇದನ್ನು ಅಳೆಯಬಹುದು. ಗಟ್ಟಿ ಮರದ ತೊಲೆಯ ಒಂದು ತುದಿಗೆ ಕಬ್ಬಿಣದ ಕೊಳವೆ, ಇನ್ನೊಂದು ತುದಿಗೆ ತೂಕದ ಯಂತ್ರ ಕೊಡಿ. ಎರಡರ ನಡುವೆ ಸರಿಯಾಗಿ 3 ಅಡಿ ಇರಲಿ. ಟ್ರೇಲರ್‌ನ ಮೂತಿಯನ್ನು ಕೊಳವೆಯಿಂದ 1 ಅಡಿ ದೂರದಲ್ಲಿ ತೊಲೆಯ ಮೇಲೆ ಇಳಿಸಿ. ಯಂತ್ರ ತೋರಿಸಿದ ಅಂಕಿಯ ಮೂರು ಪಟ್ಟು ನಿಮ್ಮ ಟಂಗ್ ವೇಟ್. ಟ್ರೇಲರ್ ಚಕ್ರಗಳಿಗೆ ತಡೆಗಟ್ಟೆ ಕೊಡದೆ ಈ ಕೆಲಸಕ್ಕೆ ಇಳಿಯಬೇಡಿ.

ಟ್ರೇಲರ್ ಬದಲು ಪಿಕಪ್ ವಾಹನವನ್ನೇ ನಾಲ್ಕೂ ಚಕ್ರ ನೆಲದಲ್ಲಿಟ್ಟು ಎಳೆಯುವವರಿಗೆ ಇನ್ನೂ ಸೊಗಸಾದ ದಾರಿ ಇದೆ. ಬೈಕ್ ಪಿಕಪ್‌ನ ತೊಟ್ಟಿಯಲ್ಲಿ ಕೂರುತ್ತದೆ. ಮೋಟರ್‌ಹೋಮ್‌ನ ಹಿಚ್ ಮೇಲೆ ಭಾರವೇ ಬೀಳುವುದಿಲ್ಲ ಎನ್ನಬಹುದು. ಆದರೆ ಆ ಪಿಕಪ್ಪನ್ನು ಹಾಗೆ ಎಳೆಯಬಹುದೆಂದು ಅದರ ಕೈಪಿಡಿಯಲ್ಲಿ ಬರೆದಿರಬೇಕು, ಇಲ್ಲದಿದ್ದರೆ ಗೇರ್‌ಬಾಕ್ಸ್ ಹಾಳಾಗುತ್ತದೆ. ಹೀಗೆ ಕಟ್ಟಿದ ವಾಹನವನ್ನು ಹಿಂದಕ್ಕೆ ಓಡಿಸಲು ಬರುವುದಿಲ್ಲ ಎಂಬುದೂ ನೆನಪಿರಲಿ.

ಎಳೆಯುವ ಕಾರಿನ ಹಿಂಬದಿಗೆ ಬೈಕ್ ಸಿಕ್ಕಿಸುವವರೂ ಇದ್ದಾರೆ. ಸುಮಾರು 140 ಕಿಲೋದ ಹೋಂಡಾ ಸಿಆರ್‌ಎಫ್ 300ಎಲ್‌ನಂಥ ಹಗುರ ಬೈಕ್ ಆದರೆ, ಕಾರಿನ ಹಿಚ್ ಅದನ್ನು ಹೊರುವುದಾದರೆ ಸರಿ. ಕಾರಿನ ಮುಂದಿನ ಚಕ್ರಗಳನ್ನು ಡಾಲಿ ಎಂಬ ಎರಡು ಚಕ್ರದ ಪುಟ್ಟ ಗಾಡಿಯ ಮೇಲೆ ಏರಿಸಿ ಎಳೆಯುವುದಾದರೆ ಬೇಡವೇ ಬೇಡ. ಹಿಂದೆ ತೂಗುವ ಬೈಕ್ ಕಾರಿನ ಮೂತಿಯನ್ನು ಡಾಲಿಯಿಂದ ಎತ್ತುತ್ತದೆ. ಅಲ್ಲಿಯೂ ಅದೇ ಹಿಂಭಾರ.

ಬಸ್ಸಿನಂಥ ದೊಡ್ಡ ಕ್ಲಾಸ್ ಎ ಮೋಟರ್‌ಹೋಮ್‌ಗಳಿಗೆ ಚಾಸಿಗೇ ಬೋಲ್ಟ್ ಹಾಕಿ ಕೂರಿಸುವ ಹೈಡ್ರಾಲಿಕ್ ಲಿಫ್ಟ್‌ಗಳು ಬರುತ್ತವೆ. ಬೈಕ್ ಅದರ ಮೇಲೆ, ಅದರಡಿಯಿಂದ ಟ್ರೇಲರ್‌ಗೆ ಕೊಂಡಿ. ಗೋಲ್ಡ್ ವಿಂಗ್, ಹಾರ್ಲೆಯಂಥ 350 ಕಿಲೋ ದಾಟುವ ಬೈಕ್ ಇರುವವರಿಗೆ ಇದೇ ಮರ್ಯಾದೆಯ ದಾರಿ. ಆದರೂ ಸನ್ನೆಗೋಲಿನ ಲೆಕ್ಕ ತಪ್ಪುವುದಿಲ್ಲ. ಇಂಜಿನ್ ಹಿಂದಿರುವ ಡೀಸೆಲ್ ವಾಹನವಾದರೆ ಇನ್ನೆರಡು ನೋಡಿ: ಬೈಕ್ ರೇಡಿಯೇಟರ್‌ನ ಗಾಳಿಗೆ ಅಡ್ಡ ಬರುತ್ತದೆಯೇ, ಹೊಗೆಕೊಳವೆಯ ಬಿಸಿ ಬೈಕಿನ ಟೈರಿಗೆ ತಾಗುತ್ತದೆಯೇ. ಟ್ರೇಲರ್ ಹಿಂದೆ ಇನ್ನೊಂದು ಬೈಕ್ ಟ್ರೇಲರ್ ಕಟ್ಟುವ ಯೋಚನೆಯನ್ನು ಬಿಟ್ಟುಬಿಡಿ. ಹಲವು ರಾಜ್ಯಗಳಲ್ಲಿ ಅದು ನಿಷಿದ್ಧ. ಬಾಡಿಗೆ ಮೋಟರ್‌ಹೋಮ್ ಆದರೆ ಏನನ್ನಾದರೂ ಎಳೆಯಲು ಒಪ್ಪಿಗೆ ಇದೆಯೇ ಎಂದು ಕರಾರುಪತ್ರದಲ್ಲಿ ಮೊದಲೇ ನೋಡಿ. ಹೆಚ್ಚಿನವರು ಒಪ್ಪುವುದಿಲ್ಲ.

ನಾಲ್ಕನೆಯ ಹೆಜ್ಜೆ: ಏರಿಸಿ, ಕಟ್ಟಿ

ಟ್ರೇಲರನ್ನು ಮೋಟರ್‌ಹೋಮ್‌ಗೆ ಕಟ್ಟಿದ ಮೇಲೆಯೇ ಬೈಕ್ ಏರಿಸಿ. ಕೊಂಡಿ ಬಿಚ್ಚಿದ ಟ್ರೇಲರ್‌ನ ಹಿಂದಿನ ಅಂಚಿಗೆ ಭಾರ ಬಿದ್ದರೆ ಮೂತಿ ಮೇಲಕ್ಕೆ ಚಿಮ್ಮುತ್ತದೆ. ನಮ್ಮಲ್ಲಿ ಬೈಕ್ ಮುಂದೆ ಇರುವುದರಿಂದ ಅದು ಮೊದಲು, ಕಾರು ಆಮೇಲೆ. ಸಮತಟ್ಟಾದ ನೆಲ, ಉದ್ದನೆಯ ಹಲಗೆ, ಇನ್ನೊಬ್ಬರ ಸಹಾಯ, ಈ ಮೂರೂ ಬೇಕು. ಹಲಗೆಯನ್ನು ಟ್ರೇಲರ್‌ಗೆ ಪಟ್ಟಿಯಿಂದ ಬಿಗಿಯಿರಿ. ಇಲ್ಲವಾದರೆ ಹಿಂದಿನ ಚಕ್ರ ತಳ್ಳಿದ ಏಟಿಗೆ ಹಲಗೆ ಜಾರಿ ಬೀಳುತ್ತದೆ. ಬೈಕ್ ಮೇಲೆ ಕೂತು ಓಡಿಸಿಕೊಂಡು ಹತ್ತಬೇಡಿ. ಪಕ್ಕದಲ್ಲಿ ನಡೆಯುತ್ತ ಮೊದಲ ಗೇರಿನಲ್ಲಿ ಕ್ಲಚ್ಚನ್ನು ಸ್ವಲ್ಪ ಸ್ವಲ್ಪವೇ ಬಿಡಿ. ಸಹಾಯಕರು ಬೈಕಿನ ಆಚೆ ಬದಿಯಲ್ಲಿರಲಿ, ಹಿಂದೆ ಯಾರೂ ನಿಲ್ಲುವುದು ಬೇಡ.

ಮೇಲೆ ಬಂದ ಮೇಲೆ ಮುಂದಿನ ಚಕ್ರ ಕಬ್ಬಿಣದ ಹಿಡಿಕೆಯೊಳಗೆ ಬಿಗಿಯಾಗಿ ಕೂರಬೇಕು. ಆ ಹಿಡಿಕೆ ಟ್ರೇಲರ್‌ನ ನೆಲಕ್ಕೆ ಬೋಲ್ಟ್ ಆಗಿರಬೇಕು. ಇನ್ನು ಪಟ್ಟಿಗಳು. ಹಲ್ಲುಚಕ್ರದ ಹಿಡಿಯಿಂದ ಬಿಗಿಯುವ ನಾಲ್ಕು ರಾಚೆಟ್ ಪಟ್ಟಿಗಳು ಬೇಕು, ಐದನೆಯದು ಇದ್ದರೆ ನೆಮ್ಮದಿ. ಪಟ್ಟಿಯ ಮೇಲೆ ಹೊಲಿದ ಚೀಟಿಯಲ್ಲಿ ಎರಡು ಅಂಕಿ ಇರುತ್ತವೆ. ದೊಡ್ಡದು ಪಟ್ಟಿ ಹರಿಯುವ ಎಳೆತ, ಚಿಕ್ಕದು ಬಳಕೆಯ ಮಿತಿ. ದೊಡ್ಡದರ ಮೂರನೇ ಒಂದು ಭಾಗವೇ ಚಿಕ್ಕದು. 1,500 ಪೌಂಡ್ ಎಂದು ದೊಡ್ಡದಾಗಿ ಬರೆದ ಪಟ್ಟಿಗೆ ನಂಬಬೇಕಾದ ಅಂಕಿ 500.

ಪಟ್ಟಿಯ ಕಬ್ಬಿಣದ ಕೊಕ್ಕೆಯನ್ನು ಬೈಕಿಗೆ ನೇರವಾಗಿ ಹಾಕದೆ ಮೆತ್ತನೆಯ ಬಟ್ಟೆಯ ಕುಣಿಕೆಗಳನ್ನು ಬಳಸಿ. ಮುಂದಿನ ಕುಣಿಕೆಗಳು ಹ್ಯಾಂಡಲ್‌ನ ತುದಿಗೆ ಬೇಡ, ಅದರ ಕೆಳಗೆ ಫೋರ್ಕ್ ಕೊಳವೆಗಳನ್ನು, ಅಂದರೆ ಮುಂದಿನ ಚಕ್ರದ ಎರಡು ಶಾಕ್ ಕೊಳವೆಗಳನ್ನು, ಹಿಡಿದಿರುವ ಲೋಹದ ಪಟ್ಟೆಯ ಸುತ್ತ ಇರಲಿ. ಬ್ರೇಕ್ ಕೊಳವೆ, ತಂತಿಗಳು ಕುಣಿಕೆಯೊಳಗೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ. ಎರಡು ಪಟ್ಟಿಗಳೂ ಮುಂದಕ್ಕೆ ಮತ್ತು ಹೊರಕ್ಕೆ ಓರೆಯಾಗಿ ಇಳಿಯಲಿ. ಎಡಕ್ಕೆ ಎರಡು ಹಲ್ಲು, ಬಲಕ್ಕೆ ಎರಡು ಹಲ್ಲು ಎಂದು ಸಮವಾಗಿ ಬಿಗಿಯುತ್ತ ಹೋಗಿ. ಫೋರ್ಕ್ ಅದರ ಚಲನೆಯ ಅರ್ಧದಷ್ಟು ಕುಗ್ಗಿದಾಗ ನಿಲ್ಲಿಸಿ. ಪೂರ್ತಿ ಕುಗ್ಗಿಸಿದರೆ ರಸ್ತೆಯ ಕುಲುಕಾಟಕ್ಕೆ ಎಡೆಯೇ ಉಳಿಯುವುದಿಲ್ಲ. ಸಡಿಲ ಬಿಟ್ಟರೆ ಒಂದು ಗುಂಡಿಗೆ ಫೋರ್ಕ್ ಕುಗ್ಗಿದಾಗ ಕೊಕ್ಕೆ ಕಳಚಿಕೊಳ್ಳುತ್ತದೆ. ಹಿಂದಿನ ಎರಡು ಪಟ್ಟಿಗಳು ಚೌಕಟ್ಟಿನಿಂದ ಹಿಂದಕ್ಕೆ ಓರೆಯಾಗಿ. ಐದನೆಯದು ಹಿಂದಿನ ಚಕ್ರವನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಪಕ್ಕದ ಸ್ಟ್ಯಾಂಡನ್ನು ಮಡಿಸಿಬಿಡಿ, ಬೈಕ್ ಚಕ್ರಗಳ ಮೇಲೆಯೇ ನಿಂತಿರಬೇಕು. ಕೊನೆಗೆ ಹ್ಯಾಂಡಲ್ ಹಿಡಿದು ಜೋರಾಗಿ ಅಲ್ಲಾಡಿಸಿ. ಬೈಕಿನ ಜೊತೆ ಟ್ರೇಲರೂ ಅಲ್ಲಾಡಿದರೆ ಕಟ್ಟು ಸರಿಯಾಗಿದೆ.

ಪಟ್ಟಿಯ ಉಳಿದ ತುದಿಯನ್ನು ಗಾಳಿಗೆ ಬಿಡಬೇಡಿ. ನಾನು ಒಮ್ಮೆ ಹಾಗೆ ಬಿಟ್ಟ ತುದಿ ನೂರಾರು ಮೈಲಿ ಬಡಿದು ಬಡಿದು ಪೆಟ್ರೋಲ್ ಟ್ಯಾಂಕಿನ ಬಣ್ಣವನ್ನು ಅಂಗೈಯಗಲ ಕಿತ್ತು ಬಿಳಿ ಲೋಹ ತೋರಿಸಿತ್ತು. ಬಿಗಿದ ಪಟ್ಟಿಗೆ ಅರ್ಧ ಸುತ್ತು ತಿರುವು ಕೊಟ್ಟರೆ ಗಾಳಿಯಲ್ಲಿ ಗುಯ್‌ಗುಡುವುದೂ ನಿಲ್ಲುತ್ತದೆ. ಬೈಕಿಗೆ ಹೊದಿಕೆ ಹಾಕಿ ಓಡಿಸುವುದೂ ಇದೇ ಕಾರಣಕ್ಕೆ ಬೇಡ. ಹೊದಿಕೆ ಪಟಪಟಿಸುತ್ತ ಮರಳು ಕಾಗದದಂತೆ ಉಜ್ಜುತ್ತದೆ. ಅದು ರಾತ್ರಿ ನಿಂತಾಗಿನ ಕೆಲಸಕ್ಕಿರಲಿ.

ಹೊರಡುವ ಮುನ್ನ

ಸುರಕ್ಷಾ ಸರಪಳಿಗಳು ಕೊಂಡಿಯ ಕೆಳಗೆ ಕತ್ತರಿಯಂತೆ ಅಡ್ಡ ಹಾಯ್ದಿರಲಿ, ಕೊಂಡಿ ಕಳಚಿದರೆ ಮೂತಿ ಅವುಗಳ ಮೇಲೆ ಬಿದ್ದು ನಿಲ್ಲುತ್ತದೆ. ಟ್ರೇಲರ್ ಕಳಚಿಕೊಂಡರೆ ತಾನಾಗಿ ಬ್ರೇಕ್ ಹಾಕುವ ಸ್ವಿಚ್‌ನ ತಂತಿಯನ್ನು ಸರಪಳಿಗೆ ಕಟ್ಟದೆ ಮೋಟರ್‌ಹೋಮ್‌ಗೇ ಕಟ್ಟಿ. ಅದರ ಪುಟ್ಟ ಬ್ಯಾಟರಿಯಲ್ಲಿ ಚಾರ್ಜ್ ಇದೆಯೇ ನೋಡಿ. ಹಲವು ರಾಜ್ಯಗಳಲ್ಲಿ 3,000 ಪೌಂಡ್ ದಾಟಿದ ಟ್ರೇಲರ್‌ಗೆ ಬ್ರೇಕ್ ಕಡ್ಡಾಯ. ಬೈಕ್ ಅಥವಾ ಅದರ ಪೆಟ್ಟಿಗೆಗಳು ದೀಪಗಳನ್ನೂ ನಂಬರ್ ಫಲಕವನ್ನೂ ಮುಚ್ಚಿವೆಯೇ ಎಂದು ಹಿಂದೆ ಹತ್ತು ಹೆಜ್ಜೆ ನಿಂತು ನೋಡಿ. ಒಳಗಿನಿಂದ ಒಬ್ಬರು ಬ್ರೇಕ್ ಒತ್ತಲಿ, ಇಂಡಿಕೇಟರ್ ಹಾಕಲಿ. ಟ್ರೇಲರ್ ಟೈರುಗಳ ಗಾಳಿಯನ್ನು ಬೆಳಗಿನ ತಂಪಿನಲ್ಲೇ ಅಳೆಯಿರಿ. ಟೈರಿನ ಪಕ್ಕದಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷ. 2319 ಎಂದಿದ್ದರೆ 2019ರ 23ನೇ ವಾರ.

ರಸ್ತೆಯಲ್ಲಿ

ಮೊದಲ ಹತ್ತು ಮೈಲಿಗೆ ನಿಲ್ಲಿಸಿ ಪಟ್ಟಿಗಳನ್ನು ಮತ್ತೆ ಬಿಗಿಯಿರಿ. ಹೊಸ ಪಟ್ಟಿ ಎಳೆದುಕೊಂಡು ಸಡಿಲವಾಗುವುದು ಅಷ್ಟರಲ್ಲೇ. ಆಮೇಲೆ ಇಂಧನಕ್ಕೆ ನಿಂತಾಗಲೆಲ್ಲ ಕೈ ಹಾಕಿ ನೋಡಿ. ಹಾಗೆಯೇ ಟ್ರೇಲರ್ ಚಕ್ರದ ನಡುವಿನ ಗುಂಬವನ್ನು (ಹಬ್) ಕೈಯಿಂದ ಮುಟ್ಟಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಡುತ್ತಿದ್ದರೆ ಬೇರಿಂಗ್ ಅಥವಾ ಬ್ರೇಕ್ ಕೆಟ್ಟಿದೆ.

ಟ್ರೇಲರ್ ಎಳೆಯುವ ವಾಹನಗಳಿಗೆ ಕ್ಯಾಲಿಫೋರ್ನಿಯಾದಲ್ಲಿ ಗಂಟೆಗೆ 55 ಮೈಲಿಯ ಮಿತಿ ಇದೆ. ಬೇರೆ ರಾಜ್ಯಗಳು ಹೆಚ್ಚು ಬಿಟ್ಟರೂ ನಾನು 60 ದಾಟುವುದಿಲ್ಲ. ಟ್ರೇಲರ್ ಹೊಯ್ದಾಡತೊಡಗಿದರೆ ಮೋಟರ್‌ಹೋಮ್‌ನ ಬ್ರೇಕ್ ತುಳಿಯಬೇಡಿ. ಸ್ಟೀರಿಂಗ್ ನೇರ ಹಿಡಿದು, ಆಕ್ಸಲರೇಟರ್‌ನಿಂದ ಕಾಲು ತೆಗೆದು, ಟ್ರೇಲರ್ ಬ್ರೇಕಿನ ಗುಂಡಿಯನ್ನು ಮಾತ್ರ ಕೈಯಿಂದ ಒತ್ತಿ. ಟ್ರೇಲರ್ ಹಿಂದಕ್ಕೆ ಎಳೆದುಕೊಂಡು ನೇರವಾಗುತ್ತದೆ. ಪೆಟ್ರೋಲ್ ಬಂಕಿನಲ್ಲಿ ಕೊನೆಯ ಸಾಲು ಹಿಡಿಯಿರಿ. ಉದ್ದನೆಯ ಹಿಂಬದಿ ತಿರುವಿನಲ್ಲಿ ಹೊರಕ್ಕೆ ಬೀಸಿ ಕಂಬಕ್ಕೆ ತಾಗುತ್ತದೆ. ಬಂಕಿನಿಂದ ರಸ್ತೆಗೆ ಇಳಿಯುವ ತಗ್ಗಿನಲ್ಲಿ ಹಿಚ್ ನೆಲಕ್ಕೆ ಉಜ್ಜುತ್ತದೆ, ಅಲ್ಲಿ ನಡಿಗೆಯ ವೇಗವೇ ಇರಲಿ.

ಕ್ಯಾಂಪ್ ತಲುಪಿದಾಗ ಕತ್ತಲಾಗಿದ್ದರೆ ಬೈಕ್ ಇಳಿಸುವ ಆತುರ ಬೇಡ, ಕೇಬಲ್ ಬೀಗ ಹಾಕಿ ಮಲಗಿ. ಬೆಳಿಗ್ಗೆ ಕಾರು ಮೊದಲು, ಬೈಕ್ ಆಮೇಲೆ ಇಳಿಯಲಿ, ಕೊಂಡಿ ಎಲ್ಲಕ್ಕಿಂತ ಕೊನೆಗೆ ಬಿಚ್ಚಿ. ಬೈಕ್ ಇಳಿಸುವಾಗ ಹಿಂದಿನ ಪಟ್ಟಿಗಳನ್ನು ಮೊದಲು ಬಿಚ್ಚಿ, ಮುಂದಿನವನ್ನು ಒಂದೊಂದೇ ಹಲ್ಲು ಸಡಿಲಿಸಿ. ಒಮ್ಮೆಲೇ ಬಿಟ್ಟರೆ ಕುಗ್ಗಿದ ಫೋರ್ಕ್ ಎದ್ದು ಬೈಕ್ ಒಂದು ಬದಿಗೆ ವಾಲುತ್ತದೆ. ಅಷ್ಟರಲ್ಲಿ ಒಬ್ಬರು ಹ್ಯಾಂಡಲ್ ಹಿಡಿದಿರಬೇಕು. ನಮ್ಮಲ್ಲಿ ಅದು ಹೆಂಡತಿಯ ಕೆಲಸ. ಅವಳು "ಹಿಡಿದಿದ್ದೇನೆ" ಎಂದ ಮೇಲೆಯೇ ನಾನು ಕೊನೆಯ ಪಟ್ಟಿಗೆ ಕೈ ಹಾಕುತ್ತೇನೆ.